ಬೋಟಿಂಗ್ ಕೆರೆಯ ಏರಿಯನ್ನು ನೋಡುವವರು ಯಾರು?

ಸಂಪಾದಕರಿಗೆ ನಮಸ್ಕಾರಗಳು.

ನಾನು ಮೂಡಿಗೆರೆ ತಾಲ್ಲೂಕಿನವಳು. 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ನಮಗೆ ನಾಲ್ಕು ಎಕರೆ ಕಾಫಿ ತೋಟ, ಅದರ ಕೆಳಗೆ ಹಳ್ಳದ ಪಕ್ಕದಲ್ಲಿ ಒಂದೂವರೆ ಎಕರೆ ಗದ್ದೆ, ಗದ್ದೆಯ ಅಂಚಿಗೆ ಮನೆ. ಅದೇ ಹಳ್ಳದಲ್ಲಿ ಅರ್ಧ ಕಿಲೋಮೀಟರ್ ಮೇಲಕ್ಕೆ ಹೋದರೆ ಒಂದು ದೊಡ್ಡ ಎಸ್ಟೇಟಿನ ಖಾಸಗಿ ಕೆರೆ ಇದೆ. ಆ ಕೆರೆಯ ಬಗ್ಗೆ, ಅದರಂತೆಯೇ ಆಗುತ್ತಿರುವ ಮಲೆನಾಡಿನ ಬೇರೆ ಕೆರೆಗಳ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಎಸ್ಟೇಟಿನ ಹಳೇ ಯಜಮಾನರು ಎರಡು ಗುಡ್ಡಗಳ ಸಂದಿಗೆ ಅಡ್ಡವಾಗಿ ಮಣ್ಣಿನ ಏರಿ ಹಾಕಿಸಿ ಕಟ್ಟಿಸಿದ ಕೆರೆ ಅದು. ನಡುಮಧ್ಯೆ ಏರಿಯ ಎತ್ತರ 28 ಅಡಿ. ತುಂಬಿದಾಗ ಮೂರು ಎಕರೆ ಹರವು. ರೊಬಸ್ಟಾ ಗಿಡಕ್ಕೆ ಫೆಬ್ರುವರಿ, ಮಾರ್ಚ್‌ನಲ್ಲಿ ಹೂವಿಗೆಂದು ಒಂದು ಸಲ, ಮತ್ತೆ ಕೆಲವು ದಿನ ಬಿಟ್ಟು ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್‌ಗೆಂದು ಒಂದು ಸಲ ಸ್ಪ್ರಿಂಕ್ಲರ್ ಹಾಯಿಸಬೇಕಲ್ಲ, ಅದಕ್ಕಾಗಿ ಕಟ್ಟಿಸಿದ್ದು. ಏಪ್ರಿಲ್ ಕೊನೆಗೆ ತಳ ಕಾಣುತ್ತಿತ್ತು. ತೋಟದ ಕೂಲಿಕಾರರಿರುವ ಲೈನ್ ಮನೆಗಳ ಹೆಂಗಸರು, ಮಕ್ಕಳು ಕೆಸರಿಗಿಳಿದು ಮೀನು ಹಿಡಿಯುತ್ತಿದ್ದರು. ಕೆರೆ ಬರಿದಾದ ಆ ತಿಂಗಳಲ್ಲಿ ಯಜಮಾನರು ತಾವೇ ನಿಂತು ಏರಿಯ ಒಳಮೈ ನೋಡಿಸುತ್ತಿದ್ದರು. ಏಡಿ ಬಿಲ, ಹೆಗ್ಗಣದ ಬಿಲ ಅಗೆಸಿ ಜೇಡಿಮಣ್ಣು ತುಂಬಿಸಿ ದಮ್ಮಸ್ಸು ಹಾಕಿಸುತ್ತಿದ್ದರು. ಏರಿಯ ಮೇಲೆ ಹುಲ್ಲು ಬಿಟ್ಟರೆ ಒಂದು ಗಿಡವನ್ನೂ ಉಳಿಸುತ್ತಿರಲಿಲ್ಲ. ಕೆರೆಯ ತಳದಿಂದ ನೀರು ಬಿಡುವ ತೂಬಿನ ಬಾಗಿಲು ಎತ್ತಿ ಇಳಿಸಿ ನೋಡದೆ ಯಾವ ಮಳೆಗಾಲವನ್ನೂ ಅವರು ಶುರು ಮಾಡಿದ್ದು ನನಗೆ ನೆನಪಿಲ್ಲ.

ಅವರು ತೀರಿಕೊಂಡ ಮೇಲೆ ತೋಟ ಕೈ ಬದಲಾಯಿತು. ಈಗ ಅಲ್ಲಿ ಕಾಟೇಜುಗಳಿವೆ, ಕೆರೆಯಲ್ಲಿ ಪೆಡಲ್ ಬೋಟ್, ಕಯಾಕ್, ಗಾಳ ಹಾಕಿ ಕೂರುವವರಿಗೆ ಮರದ ಕಟ್ಟೆ. ಪ್ರವಾಸೋದ್ಯಮಕ್ಕೆ ನಾನು ವಿರೋಧಿಯಲ್ಲ. ಕಾಫಿ ರೇಟು ಬಿದ್ದ ವರ್ಷಗಳಲ್ಲಿ ನಮ್ಮೂರಿನ ಎಷ್ಟೋ ಮನೆಗಳನ್ನು ಹೋಮ್‌ಸ್ಟೇ ಉಳಿಸಿದೆ. ಆದರೆ ಅತಿಥಿಗಳು ಹೆಚ್ಚು ಬರುವುದು ಬೇಸಿಗೆ ರಜೆಯಲ್ಲಿ. ಆಗ ಕೆರೆ ತುಂಬಿರಬೇಕು, ಇಲ್ಲದಿದ್ದರೆ ಬೋಟು ಕೆಸರಿಗೆ ಕೂರುತ್ತದೆ. ಸ್ಪ್ರಿಂಕ್ಲರಿಗೆ ಈಗ ಬೇರೆ ಬೋರ್‌ವೆಲ್ ಕೊರೆಸಿದ್ದಾರೆ, ಕೆರೆಯ ನೀರು ಮುಟ್ಟುವುದಿಲ್ಲ. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿಯುವ ಕೋಡಿಯ ಮೇಲೆ ಒಂದೂವರೆ ಅಡಿ ಮರಳಿನ ಚೀಲ ಪೇರಿಸಿ ಇನ್ನೂ ಸ್ವಲ್ಪ ನೀರು ನಿಲ್ಲಿಸಿಕೊಂಡಿದ್ದಾರೆ. ಸಾಕಿದ ಮೀನು ಹಳ್ಳಕ್ಕೆ ಹೋಗದಿರಲೆಂದು ಕೋಡಿಗೆ ಅಡ್ಡಲಾಗಿ ಕಬ್ಬಿಣದ ಜಾಲರಿ ಕಟ್ಟಿದ್ದಾರೆ. ಸೋರುತ್ತಿತ್ತೆಂದು ತೂಬಿಗೆ ಕಾಂಕ್ರೀಟ್ ತುಂಬಿ ಮುಚ್ಚಿದ್ದಾರೆ.

ಇದರಿಂದ ಏನಾಯಿತೆಂದು ಯೋಚಿಸಿ. ಹಿಂದೆ ಜೂನ್ ತಿಂಗಳ ಮಳೆಯನ್ನೆಲ್ಲ ಖಾಲಿ ಕೆರೆ ಹಿಡಿದುಕೊಳ್ಳುತ್ತಿತ್ತು. ಈಗ ಮೊದಲ ಜಡಿಮಳೆಯೇ ತುಂಬಿದ ಕೆರೆಗೆ ಬೀಳುತ್ತದೆ. ಏರಿ ಅದೇ, ಕೆರೆ ಅದೇ, ಕಟ್ಟಿಸಿದವರ ಲೆಕ್ಕಾಚಾರ ಮಾತ್ರ ಉಳಿದಿಲ್ಲ. ತೋಟ ಬರೆಸಿಕೊಂಡವರಿಗೆ ಕ್ರಯಪತ್ರದ ಜೊತೆ ಆ ಲೆಕ್ಕಾಚಾರವನ್ನು ಯಾರೂ ಹೇಳಿಕೊಡಲಿಲ್ಲ, ಹೇಳಿಕೊಡಬೇಕೆಂದು ಯಾವ ನಿಯಮವೂ ಇಲ್ಲ.

ಎರಡು ಮಳೆಗಾಲದ ಹಿಂದೆ ಆಶ್ಲೇಷಾ ಮಳೆಯ ಒಂದು ರಾತ್ರಿ ನಡೆದದ್ದನ್ನು ಹೇಳುತ್ತೇನೆ. ಸಂಜೆಯಿಂದ ಕರೆಂಟ್ ಇರಲಿಲ್ಲ. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೂ ಕೇಳುತ್ತಿರಲಿಲ್ಲ. ಹನ್ನೊಂದರ ಹೊತ್ತಿಗೆ ದನದ ಕೊಟ್ಟಿಗೆ ನೋಡಲು ಹೊರಗೆ ಹೋದವಳಿಗೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಐದು ನಿಮಿಷ ನಿಂತ ಮೇಲೆ ಗೊತ್ತಾಯಿತು, ಹಳ್ಳದ ಸದ್ದು ಇಳಿದಿತ್ತು. ಅಷ್ಟು ಮಳೆ ಹೊಯ್ಯುವಾಗ ಹಳ್ಳ ಬೊಬ್ಬೆ ಹೊಡೆಯಬೇಕು. ಟಾರ್ಚ್ ಹಾಕಿ ನೋಡಿದರೆ ಮಧ್ಯಾಹ್ನ ಮುಳುಗಿದ್ದ ಬಟ್ಟೆ ಒಗೆಯುವ ಕಲ್ಲು ಮೇಲೆ ಕಾಣುತ್ತಿತ್ತು. ನಮ್ಮ ಯಜಮಾನರನ್ನು ಎಬ್ಬಿಸಿ, "ಮೇಲೆ ಕೋಡಿ ಕಟ್ಟಿಕೊಂಡಿದೆ ಕಣ್ರೀ, ನೀರು ಬರ್ತಿಲ್ಲ" ಎಂದೆ.

ಇಬ್ಬರೂ ಕತ್ತಿ, ಹಾರೆ ಹಿಡಿದು ತೋಟದೊಳಗಿಂದ ಹತ್ತಿದೆವು. ಎಸ್ಟೇಟಿನ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಆಗಲೇ ಏರಿಯ ಮೇಲಿದ್ದರು, ಜೊತೆಗೆ ಲೈನ್ ಮನೆಯ ಅಸ್ಸಾಮಿನ ಮೂವರು ಹುಡುಗರು. "ಟೀಚರಮ್ಮ, ಒಂದು ಗೇಣೂ ಉಳಿದಿಲ್ಲ, ಮಾಲೀಕರ ಫೋನ್ ಸಿಗ್ತಿಲ್ಲ, ಜಾಲರಿ ಕೀಳೋಕೆ ನಂಗೆ ಅಧಿಕಾರ ಇಲ್ಲ" ಎಂದರು. ಪಾಪ, ಅವರ ಧ್ವನಿ ನಡುಗುತ್ತಿತ್ತು. ಜಾಲರಿಯ ತುಂಬ ಸಿಲ್ವರ್ ಓಕ್ ಎಲೆ, ಮುರಿದ ಕೊಂಬೆ, ಬಾಟಲಿ, ಚಿಪ್ಸ್ ಪ್ಯಾಕೆಟ್ ಒತ್ತಿ ಒತ್ತಿ ಗೋಡೆಯಂತಾಗಿತ್ತು. ಏರಿಯ ನಡುಭಾಗ ವರ್ಷಗಳಿಂದ ಕುಸಿದು ಸ್ವಲ್ಪ ತಗ್ಗಾಗಿದೆ. ಅಲ್ಲಿ ಅಲೆ ಎದ್ದಾಗಲೆಲ್ಲ ಒಂದು ಅಂಗೈಯಷ್ಟು ನೀರು ಈಚೆಗೆ ಹಾರಿ ಹೊರಮೈಯಲ್ಲಿ ಜಾರುತ್ತಿತ್ತು. ಜಾರಿದ ಕಡೆಯೆಲ್ಲ ಬೆರಳು ಗಾತ್ರದ ಕೊರಕಲು. ಕಾಫಿ ಚೀಲಗಳಿಗೆ ಮಣ್ಣು ತುಂಬಿ ತಗ್ಗಿಗೆ ಜೋಡಿಸಿದೆವು. ಹುಡುಗರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೋಡಿಗಿಳಿದು ಜಾಲರಿಯ ತಂತಿ ಕಡಿದರು. ಅದು ಕಿತ್ತುಕೊಂಡು ಹೋದಾಗ ಬಂದ ಸದ್ದನ್ನು ನಾನು ಹೇಗೆ ಬರೆಯಲಿ. ಕೋಡಿ ಪೂರ್ತಿ ಬಿಟ್ಟುಕೊಂಡ ಮೇಲೂ ನೀರು ಒಂದು ಮೊಳ ಇಳಿಯಲು ಬೆಳಗಿನ ಜಾವ ನಾಲ್ಕಾಯಿತು. ಬೆಳಿಗ್ಗೆ ನಮ್ಮ ಮಳೆಮಾಪಕದಲ್ಲಿ 7 ಇಂಚು 60 ಸೆಂಟ್ಸ್, ಅಂದರೆ 7.6 ಇಂಚು.

ಆಮೇಲೆ ಕೂತು ಲೆಕ್ಕ ಹಾಕಿದೆ. ಆ ಕೆರೆಗೆ ನೀರು ಬಸಿಯುವ ಗುಡ್ಡ ಸುಮಾರು 100 ಎಕರೆ. ಆ ಒಂದು ದಿನ ಅದರ ಮೇಲೆ ಬಿದ್ದ ಮಳೆ 7.8 ಕೋಟಿ ಲೀಟರ್. ಅರ್ಧ ಇಂಗಿತು ಎಂದಿಟ್ಟುಕೊಂಡರೂ ಉಳಿದದ್ದು ಇಡೀ ಕೆರೆಯ ನೀರಿಗಿಂತ ಹೆಚ್ಚು. ಮೂರು ಎಕರೆ, ಸರಾಸರಿ 10 ಅಡಿ ಆಳ ಹಿಡಿದರೆ ಕೆರೆಯಲ್ಲಿ ನಿಲ್ಲುವುದು 3.7 ಕೋಟಿ ಲೀಟರ್. 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 3,000 ಟ್ಯಾಂಕರಿಗೂ ಮೇಲೆ. ಏರಿ ಒಡೆದರೆ ಅದಷ್ಟೂ ಕೆಲವೇ ನಿಮಿಷಗಳಲ್ಲಿ ನಮ್ಮ ಹಳ್ಳಕ್ಕೆ ಬರುತ್ತದೆ. ಏರಿಯ ಬುಡದಿಂದ ಇನ್ನೂರು ಮೀಟರಿನಲ್ಲಿ ಲೈನ್ ಮನೆಗಳಿವೆ, ಮಕ್ಕಳೂ ಸೇರಿ 26 ಜನ ಮಲಗುತ್ತಾರೆ.

ಬೆಳಕು ಹರಿದ ಮೇಲೆ ಏರಿಯ ಕೆಳಗಡೆ ಹೋಗಿ ನೋಡಿದೆ. ಬುಡದಲ್ಲಿ ಒಂದು ಕಡೆ ಊಟದ ತಟ್ಟೆಯಷ್ಟು ಜಾಗದಲ್ಲಿ ನೀರು ಉಕ್ಕುತ್ತಿತ್ತು, ಅದರ ಸುತ್ತ ನುಣ್ಣನೆಯ ಮಣ್ಣು ಇರುವೆಗೂಡಿನಂತೆ ಬಳೆಯಾಗಿ ಕೂತಿತ್ತು. ಮನೆಯಿಂದ ಹಾರ್ಲಿಕ್ಸ್ ಬಾಟಲಿ ತಂದು ಆ ನೀರು ಹಿಡಿದು ಅಡುಗೆಮನೆ ಕಿಟಕಿಯಲ್ಲಿಟ್ಟೆ. ಮಧ್ಯಾಹ್ನದ ಹೊತ್ತಿಗೆ ತಳದಲ್ಲಿ ಅರ್ಧ ಬೆರಳು ಕೆಂಪು ಮಣ್ಣು. ಮಣ್ಣಿನ ಏರಿ ಸ್ವಲ್ಪ ಜಿನುಗುವುದು ಸಹಜ, ತಿಳಿನೀರು ಜಿನುಗಿದರೆ ಗಾಬರಿ ಬೇಕಿಲ್ಲ. ನೀರು ಮಣ್ಣು ಹೊತ್ತು ತರುತ್ತಿದೆ ಎಂದರೆ ಒಳಗೆ ಕೊಳವೆಯಂಥ ದಾರಿಯಾಗಿದೆ, ದಿನದಿನಕ್ಕೆ ಅಗಲವಾಗುತ್ತಿದೆ ಎಂದರ್ಥ. ವಿಚಾರಿಸಿದಾಗ ತಿಳಿದದ್ದು, ಕಾಟೇಜಿನ ಹೂತೋಟಕ್ಕೆಂದು ಏರಿಯನ್ನು ಸೀಳಿ ಪಿವಿಸಿ ಪೈಪ್ ಹಾಯಿಸಿ ಮೇಲೆ ಮಣ್ಣು ಎಳೆದಿದ್ದಾರೆ. ಪೈಪಿನ ಒಳಗಿನ ನೀರಿಗಿಂತ ಅದರ ಹೊರಮೈಯನ್ನು ಸವರಿಕೊಂಡು ಬರುವ ನೀರು ಅಪಾಯ. ದಮ್ಮಸ್ಸು ಸರಿಯಾಗಿ ಹಾಕದ ಮಣ್ಣಿನಲ್ಲಿ ಅದು ತನ್ನ ದಾರಿ ಹುಡುಕಿಕೊಳ್ಳುತ್ತದೆ. ನೆರಳಿಗೆಂದು ಏರಿಯ ಮೇಲೆ ನೆಟ್ಟ ಮರಗಳೂ ಹಾಗೆಯೇ. ಗಾಳಿಗೆ ಬುಡಸಮೇತ ಬಿದ್ದರೆ ಏರಿಯ ಒಂದು ಭಾಗವನ್ನೇ ಎತ್ತಿಕೊಂಡು ಬೀಳುತ್ತವೆ, ಸತ್ತರೆ ಬೇರು ಕೊಳೆತು ಸುರಂಗವಾಗುತ್ತದೆ.

ಮಾಲೀಕರು ಸಭ್ಯರು. ಕಾಫಿ ಕೊಟ್ಟು ಕೂರಿಸಿಕೊಂಡು ಮಾತಾಡಿದರು. "ಮೇಡಂ, ಇಷ್ಟು ವರ್ಷ ಏನೂ ಆಗಿಲ್ವಲ್ಲ, ನನ್ನ ಜಾಗದಲ್ಲಿ ನನ್ನ ಕೆರೆ" ಎಂದರು. ಮೂರು ಕಚೇರಿ ಹತ್ತಿ ಇಳಿದೆ. ಒಂದು ಕಡೆ ಅದು ಸರ್ಕಾರಿ ಕೆರೆಯಲ್ಲ ಎಂದರು, ಇನ್ನೊಂದು ಕಡೆ ಹೋಮ್‌ಸ್ಟೇ ಪರವಾನಗಿಯಲ್ಲಿ ಕೆರೆಯ ವಿಷಯ ಬರುವುದಿಲ್ಲ ಎಂದರು, ಮತ್ತೊಂದು ಕಡೆ ಅರ್ಜಿ ತೆಗೆದುಕೊಂಡು ಸ್ವೀಕೃತಿ ಕೊಟ್ಟರು. ಆ ಸ್ವೀಕೃತಿ ನನ್ನ ಹತ್ತಿರ ಈಗಲೂ ಇದೆ.

ಆ ಕಚೇರಿಯವರದ್ದೇ ತಪ್ಪು ಎನ್ನಲಾರೆ, ಏಕೆಂದರೆ ಕಾನೂನು ಓದಿದೆ. ಸರ್ಕಾರಿ ಕೆರೆಯಾಗಿದ್ದರೆ, 40 ಹೆಕ್ಟೇರಿಗಿಂತ ದೊಡ್ಡ ಅಚ್ಚುಕಟ್ಟಿನದು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯತ್ ವ್ಯವಸ್ಥೆಗೆ ಸೇರುತ್ತದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಇದೆ, ಅದು ಖಾಸಗಿ ಮಾಲೀಕರಿಗೂ ಅನ್ವಯಿಸುತ್ತದೆ. ಆದರೆ ಅದರ ಅಳತೆಗೆ ಸಿಗಲು ಅಣೆಕಟ್ಟು 15 ಮೀಟರಿಗಿಂತ ಎತ್ತರವಿರಬೇಕು. 10ರಿಂದ 15 ಮೀಟರ್ ನಡುವಿನದಾದರೆ ಏರಿ 500 ಮೀಟರ್ ಉದ್ದವಿರಬೇಕು, ಅಥವಾ 100 ಕೋಟಿ ಲೀಟರ್ ನೀರು ಹಿಡಿಯಬೇಕು, ಅಥವಾ ಅಂಥದೇ ಬೇರೆ ಕೆಲವು ಷರತ್ತುಗಳಲ್ಲಿ ಒಂದಕ್ಕೆ ಹೊಂದಬೇಕು. ನಮ್ಮ ತಲೆಯ ಮೇಲಿನ ಏರಿ ಎಂಟೂವರೆ ಮೀಟರ್. ಕಾಯ್ದೆಯ ಕಣ್ಣಿಗೆ ಅದು ಅಣೆಕಟ್ಟೇ ಅಲ್ಲ.

ನನ್ನ ಮಗಳು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿದ್ದಾಳೆ. ಬಾಣಂತನಕ್ಕೆಂದು ಹೋಗಿದ್ದಾಗ ಈ ಕೆರೆಯ ಚಿಂತೆ ನನ್ನನ್ನು ಬಿಟ್ಟಿರಲಿಲ್ಲ. ಅಳಿಯ, "ಅತ್ತೆ, ನೀವು ನೋಡಲೇಬೇಕಾದ ಜಾಗ ಒಂದಿದೆ" ಎಂದು ಒಂದು ಭಾನುವಾರ ಜಾನ್ಸ್‌ಟೌನ್ ಎಂಬ ಊರಿನ ಕಡೆಗೆ ಕರೆದುಕೊಂಡು ಹೋದರು. ಅಲ್ಲಿ ಸೌತ್ ಫೋರ್ಕ್ ಎಂಬಲ್ಲಿ 72 ಅಡಿ ಎತ್ತರ, 931 ಅಡಿ ಉದ್ದದ ಒಂದು ಮಣ್ಣಿನ ಅಣೆಕಟ್ಟು ಇತ್ತು. ಕಾಲುವೆಯಲ್ಲಿ ದೋಣಿ ಓಡಿಸಲು ನೀರು ಬೇಕೆಂದು ಸರ್ಕಾರ ಕಟ್ಟಿಸಿದ್ದು. ರೈಲು ಬಂದ ಮೇಲೆ ಕಾಲುವೆ ಮೂಲೆಗುಂಪಾಯಿತು, ಅಣೆಕಟ್ಟು ಖಾಸಗಿಯವರ ಕೈಗೆ ಹೋಯಿತು. ನಡುವೆ ಒಬ್ಬ ಮಾಲೀಕರು ತಳದಲ್ಲಿದ್ದ ಎರಕದ ಕಬ್ಬಿಣದ ಪೈಪುಗಳನ್ನು, ಅಂದರೆ ನಮ್ಮ ಮಾತಿನಲ್ಲಿ ತೂಬನ್ನು, ಕಿತ್ತು ಗುಜರಿಗೆ ಮಾರಿದರು. 1879ರಲ್ಲಿ ಪಿಟ್ಸ್‌ಬರ್ಗ್‌ನ ಶ್ರೀಮಂತರು ಮೀನು ಹಿಡಿಯುವ, ಬೇಟೆಯಾಡುವ ಕ್ಲಬ್ಬೊಂದನ್ನು ಮಾಡಿಕೊಂಡು ಅದನ್ನು ವಿಹಾರದ ಕೆರೆಯಾಗಿಸಿದರು. ಉಕ್ಕಿನ ಉದ್ಯಮಿಗಳಾದ ಆಂಡ್ರ್ಯೂ ಕಾರ್ನೆಗಿ, ಹೆನ್ರಿ ಕ್ಲೇ ಫ್ರಿಕ್ ಆ ಕ್ಲಬ್ಬಿನ ಸದಸ್ಯರು. ಪೈಪುಗಳನ್ನು ಮತ್ತೆ ಹಾಕಿಸಲಿಲ್ಲ. ಗಾಡಿಗಳು ಓಡಾಡಲು ಏರಿಯ ತಲೆಯನ್ನು ತಗ್ಗಿಸಿ ಅಗಲ ಮಾಡಿದರು. ಮೀನು ಹೊರಗೆ ಹೋಗದಿರಲೆಂದು ಕೋಡಿಗೆ ಜಾಲರಿ ಹಾಕಿದರು.

ಜಾಲರಿಯ ವಿಷಯ ಓದಿದಾಗ ನನಗೆ ಅಲ್ಲಿಯೇ ಕೂರಬೇಕಾಯಿತು.

ಕೆಳಗಿನ ಊರಿನ ಕಬ್ಬಿಣದ ಕಾರ್ಖಾನೆಯವರು 1880ರಲ್ಲೇ ತಮ್ಮ ಎಂಜಿನಿಯರನ್ನು ಕಳಿಸಿ ನೋಡಿಸಿ, ನೀರು ಬಿಡಲು ಪೈಪಿಲ್ಲ ಎಂದು ಕ್ಲಬ್ಬಿಗೆ ಬರೆದಿದ್ದರು. ನಿಮಗೆ ಅಪಾಯವಿಲ್ಲ ಎಂದು ಕ್ಲಬ್ ಉತ್ತರ ಕೊಟ್ಟಿತು. 1889ರ ಮೇ 31ರಂದು ಜೋರುಮಳೆ ಬಿದ್ದು ಕೆರೆ ಉಕ್ಕಿತು. ಕಸ ಕಟ್ಟಿದ ಜಾಲರಿ ತೆಗೆಯಲು ಆಳುಗಳು ಒದ್ದಾಡಿದರು, ಆಗಲಿಲ್ಲ. ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ ಏರಿ ಒಡೆಯಿತು, ಸುಮಾರು ಒಂದು ಗಂಟೆಯಲ್ಲಿ ನೀರು 14 ಮೈಲಿ ಕೆಳಗಿನ ಜಾನ್ಸ್‌ಟೌನ್ ತಲುಪಿತು. ಸತ್ತವರು 2,209 ಜನ. ಟೆಲಿಗ್ರಾಫ್ ತಂತಿಯ ಮೂಲಕ ಎಚ್ಚರಿಕೆ ಹೋಗಿತ್ತು. ಆದರೆ ಪ್ರತಿ ಮಳೆಗೂ ಇದೇ ಮಾತು ಕೇಳಿ ಕೇಳಿ ಜನ ನಂಬುವುದನ್ನು ಬಿಟ್ಟಿದ್ದರು. ನ್ಯಾಯಾಲಯಗಳಲ್ಲಿ ಕ್ಲಬ್ಬಿನ ಮೇಲೆ ಹೊಣೆ ನಿಲ್ಲಲಿಲ್ಲ. ಇವತ್ತಿಗೂ ಏರಿಯ ಎರಡು ತುದಿಗಳು ಹಾಗೆಯೇ ಇವೆ, ನಡುವೆ ಆಕಾಶ ಕಾಣುತ್ತದೆ, ಕೆಳಗೆ ಒಂದು ಸಣ್ಣ ಹೊಳೆ ತನ್ನ ಪಾಡಿಗೆ ಹರಿಯುತ್ತದೆ. ಗುರುತು ಸಿಗದ 777 ಜನರನ್ನು ಮಣ್ಣು ಮಾಡಿದ ಜಾಗಕ್ಕೂ ಹೋದೆವು. ಗುಡ್ಡದ ಮೇಲೆ ಹೆಸರಿಲ್ಲದ ಬಿಳಿ ಕಲ್ಲುಗಳ ಸಾಲು. ನಾನು ಒಂದು ಸಾಲನ್ನು ಎಣಿಸಲು ಶುರು ಮಾಡಿ ನಿಲ್ಲಿಸಿದೆ.

ಅದು ದೊಡ್ಡ ಅಣೆಕಟ್ಟು, ನಮ್ಮದು ಚಿಕ್ಕದು ಎನ್ನುವವರಿಗೆ ಇನ್ನೊಂದನ್ನು ಹೇಳುತ್ತೇನೆ. ಅದೇ ದೇಶದ ಜಾರ್ಜಿಯಾ ರಾಜ್ಯದ ಟಕೋವಾ ಫಾಲ್ಸ್‌ನಲ್ಲಿ ಕಾಲೇಜೊಂದರ ಒಡೆತನದಲ್ಲಿದ್ದ ಕೆಲ್ಲಿ ಬಾರ್ನ್ಸ್ ಅಣೆಕಟ್ಟು ಸುಮಾರು 40 ಅಡಿ ಎತ್ತರ, 400 ಅಡಿ ಉದ್ದದ ಮಣ್ಣಿನ ಏರಿ. ವಿದ್ಯುತ್ ತೆಗೆಯುವುದನ್ನು ನಿಲ್ಲಿಸಿದ ಮೇಲೆ ಅದು ವಿಹಾರದ ಕೆರೆಯಾಗಿ ಉಳಿದಿತ್ತು. 1977ರ ನವೆಂಬರ್ 6ರ ರಾತ್ರಿ ಒಂದೂವರೆಗೆ, ಎಲ್ಲರೂ ಮಲಗಿದ್ದಾಗ ಒಡೆದು 39 ಜನ ಹೋದರು. ಎತ್ತರ, ಉದ್ದ, ನೀರಿನ ಪ್ರಮಾಣ ಮೂರನ್ನೂ ಇಟ್ಟು ನೋಡಿದರೆ ನಮ್ಮ 2021ರ ಕಾಯ್ದೆಯ ಅಳತೆಗೆ ಅದೂ ಸಿಗುತ್ತಿರಲಿಲ್ಲ. ಆ ಘಟನೆಯಾದ ಮೇಲೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಒಕ್ಕೂಟ ಸರ್ಕಾರದ್ದಲ್ಲದ, ಜನವಸತಿಗೆ ಅಪಾಯವೊಡ್ಡುವ ಅಣೆಕಟ್ಟುಗಳನ್ನು ಸೇನೆಯ ಎಂಜಿನಿಯರುಗಳಿಂದ ತಪಾಸಣೆ ಮಾಡಿಸಿದರು. ಒಡೆದರೆ ಕೆಳಗೆ ಯಾರ ಜೀವ ಹೋಗುತ್ತದೆ ಎಂಬುದರ ಮೇಲೆ ಅಲ್ಲಿ ಅಣೆಕಟ್ಟಿನ ಅಪಾಯದ ದರ್ಜೆ ನಿರ್ಧಾರವಾಗುತ್ತದೆ. ನಾನು ಕೇಳುತ್ತಿರುವುದೂ ಅದನ್ನೇ. ಏರಿಯ ಎತ್ತರ ಅಳೆಯುವ ಮೊದಲು ಅದರ ಕೆಳಗಿನ ಮನೆಗಳನ್ನು ಎಣಿಸಿ.

ಇದೆಲ್ಲ ಹೊರದೇಶದ ಬುದ್ಧಿ ಎಂದು ಯಾರೂ ಭಾವಿಸಬೇಕಾಗಿಲ್ಲ. ಕೆರೆಯನ್ನು ನೋಡಿಕೊಳ್ಳುವವರಿಗೆ ಬಿಟ್ಟ ಗದ್ದೆಗೆ ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಹೆಸರುಗಳೇ ಇವೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಹಾಕಿಸಿದ ಶಾಸನ, ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಹೇಳುತ್ತದೆ. ಆ ದೋಷಗಳಲ್ಲಿ ಏರಿಯಿಂದ ನೀರು ಜಿನುಗುವುದೂ ಒಂದು. ಕೆರೆಯನ್ನು ಹೇಗೆ ನೋಡಬೇಕೆಂದು ಗೊತ್ತಿದ್ದ ಜನ ನಾವು.

ಜಿಲ್ಲಾಡಳಿತಕ್ಕೆ ನನ್ನ ಮನವಿ ಇಷ್ಟು. ಪ್ರತಿ ಪಂಚಾಯಿತಿಯ ವ್ಯಾಪ್ತಿಯಲ್ಲಿ ಖಾಸಗಿ ಜಮೀನಿನಲ್ಲಿರುವ, ಏರಿ ಹಾಕಿ ನೀರು ನಿಲ್ಲಿಸಿದ ಕೆರೆಗಳ ಪಟ್ಟಿಯಾಗಲಿ. ನೆಲ ಅಗೆದು ಮಾಡಿದ ಕೃಷಿ ಹೊಂಡಗಳನ್ನು ಇದಕ್ಕೆ ಸೇರಿಸಬೇಡಿ, ಅವು ಒಡೆದು ಹರಿಯುವುದಿಲ್ಲ, ಸಣ್ಣ ಬೆಳೆಗಾರರಿಗೆ ಸುಮ್ಮನೆ ಕಿರುಕುಳವಾದೀತು. ಏರಿಯ ಕೆಳಗೆ ಮನೆ, ಲೈನ್, ಶಾಲೆ, ರಸ್ತೆ ಇರುವ ಕೆರೆಗಳನ್ನು ವರ್ಷಕ್ಕೊಂದು ಸಲ, ಮೇ ತಿಂಗಳೊಳಗೆ, ಒಬ್ಬ ಎಂಜಿನಿಯರ್ ಬಂದು ನೋಡಲಿ. ಹೋಮ್‌ಸ್ಟೇ, ರೆಸಾರ್ಟ್ ಪರವಾನಗಿ ನವೀಕರಣಕ್ಕೆ ಆ ವರದಿ ಕಡ್ಡಾಯವಾಗಲಿ. ಜೂನ್ ಒಂದರಿಂದ ಸೆಪ್ಟೆಂಬರ್ ಕೊನೆಯವರೆಗೆ ಕೋಡಿಯ ಮೇಲೆ ಜಾಲರಿ, ಚೀಲ, ಹಲಗೆ ಯಾವುದೂ ಇರಕೂಡದು. ಮಳೆಗಾಲಕ್ಕೆ ಮೊದಲು ಕೆರೆಯ ನೀರನ್ನು ಐದಾರು ಅಡಿಯಾದರೂ ಇಳಿಸಲಿ, ಅದನ್ನೂ ನಿಧಾನವಾಗಿ ಇಳಿಸಲಿ. ಪಂಪು ಹಚ್ಚಿ ಒಂದೇ ದಿನ ಖಾಲಿ ಮಾಡಿದರೆ ನೀರು ಕುಡಿದ ಒಳಮೈ ಆಸರೆ ತಪ್ಪಿ ಜಾರುತ್ತದೆ. ಲೈನ್ ಮನೆಯವರಿಗೆ ಅವರ ಭಾಷೆಯಲ್ಲಿ, ರಾತ್ರಿ ಸೈರನ್ ಕೂಗಿದರೆ ಯಾವ ಕಡೆ ಓಡಬೇಕೆಂದು ಹೇಳಿಕೊಡಲಿ. ಆ ರಾತ್ರಿ ಕೋಡಿಗಿಳಿದ ಹುಡುಗರಲ್ಲಿ ಒಬ್ಬನಿಗೆ, ಅದು ಒಡೆದರೆ ತನ್ನ ಹೆಂಡತಿ ಮಗು ಮಲಗಿದ್ದ ಕೋಣೆಗೇ ನೀರು ನುಗ್ಗುತ್ತದೆ ಎಂಬುದು ಮಾರನೇ ದಿನ ನಾನು ಕೈಸನ್ನೆಯಲ್ಲಿ ಹೇಳುವವರೆಗೂ ಗೊತ್ತಿರಲಿಲ್ಲ.

2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಗುಡ್ಡಗಳೇ ಜಾರಿದ್ದನ್ನು ನಾವು ಕಂಡಿದ್ದೇವೆ. ಅಂಥ ಗುಡ್ಡಗಳ ಮಡಿಲಲ್ಲಿ ಈ ಏರಿಗಳು ನಿಂತಿವೆ.

ಕೆರೆ ಒಡೆಸಿ ಎಂದು ನಾನು ಕೇಳುತ್ತಿಲ್ಲ. ನಮ್ಮ ಬಾವಿಯಲ್ಲಿ ಬೇಸಿಗೆಯಲ್ಲೂ ನೀರಿರುವುದು ಆ ಕೆರೆಯಿಂದ. ಸಂಜೆ ಅಲ್ಲಿ ಬೆಳ್ಳಕ್ಕಿ ಕೂರುವುದನ್ನು ನೋಡಲು ನಾನೂ ಹೋಗುತ್ತೇನೆ.

ಹೋದ ವಾರ ಹೋದಾಗ ಕೆರೆ ಅಂಚಿನವರೆಗೆ ತುಂಬಿತ್ತು, ಕೋಡಿಗೆ ಹೊಸ ಜಾಲರಿ ಕಟ್ಟಿದ್ದರು, ಹಳೆಯದಕ್ಕಿಂತ ಸಣ್ಣ ಕಣ್ಣಿನದು. ಏರಿಯ ಬುಡದ ಆ ಜಾಗದಲ್ಲಿ ಈಗ ಕೆಸುವಿನ ಗಿಡ ಹಬ್ಬಿದೆ, ಕೆಳಗೆ ಕೈಯಿಟ್ಟರೆ ತಣ್ಣಗೆ ಒದ್ದೆಯಾಗುತ್ತದೆ. ಜಿಲ್ಲಾಡಳಿತದಿಂದ ಯಾರಾದರೂ ಬರುವುದಾದರೆ ಪತ್ರಿಕೆಯ ಮೂಲಕ ತಿಳಿಸಲಿ, ದಾರಿ ತೋರಿಸಲು ನಾನೇ ಬರುತ್ತೇನೆ. ಈಗಲಾದರೆ ಜೀಪು ಏರಿಯ ಬುಡದವರೆಗೂ ಹೋಗುತ್ತದೆ. ಜೂನ್ ಎರಡನೇ ವಾರ ಕಳೆದರೆ ನಡೆದೇ ಹತ್ತಬೇಕು.

ನೆರೆಯವರ ಜೊತೆ ನಾಳೆಯೂ ಬದುಕಬೇಕಾಗಿರುವುದರಿಂದ ನನ್ನ ಹೆಸರನ್ನೂ ಊರನ್ನೂ ಪ್ರಕಟಿಸಬೇಡಿ. ವಿಳಾಸ ನಿಮ್ಮ ಕಚೇರಿಯಲ್ಲಿರಲಿ.

– ನಿವೃತ್ತ ಶಿಕ್ಷಕಿ, ಮೂಡಿಗೆರೆ ತಾಲ್ಲೂಕು